ಅಗೆದ ನೆಲ ಮರಳಿ ಯಾರಿಗೆ?



ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿ ಇಲ್ಲ. ಇಲ್ಲಿನ ಜನ ಕಬ್ಬಿಣದ ಅದಿರನ್ನು ಬಲ್ಲರು, ಮ್ಯಾಂಗನೀಸನ್ನು ಬಲ್ಲರು, ಕೋಲಾರದ ಚಿನ್ನವನ್ನು ಬಲ್ಲರು. ಕಲ್ಲಿದ್ದಲನ್ನು ಕಂಡದ್ದು ರೈಲಿನ ತೆರೆದ ವ್ಯಾಗನ್ನುಗಳಲ್ಲಿ ಮಾತ್ರ. ಹೀಗಿರುವಾಗ ಮಲೆನಾಡಿನ ಸಭೆಯಲ್ಲಿ ಕಲ್ಲಿದ್ದಲಿನ ಮಾತೇಕೆ ಎಂದು ಯಾರಾದರೂ ಕೇಳಿದರೆ ಅದು ಸಹಜವಾದ ಪ್ರಶ್ನೆಯೇ ಸರಿ.

ಶರಾವತಿ, ಕಾಳಿ, ವಾರಾಹಿಗಳ ಕಣಿವೆಗಳನ್ನು ಮುಳುಗಿಸಿ ನಾಡಿಗೆ ಬೆಳಕು ಕೊಟ್ಟ ಕಥೆ ಇಲ್ಲಿ ಕುಳಿತಿರುವ ಎಲ್ಲರಿಗೂ ತಿಳಿದದ್ದೇ. ಆದರೆ 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಮೊದಲ ಶಾಖೋತ್ಪನ್ನ ಘಟಕ ಉರಿಯತೊಡಗಿದ ಮೇಲೆ ಆ ಬೆಳಕಿನ ಬೇರು ಬೇರೆ ರಾಜ್ಯಗಳ ನೆಲದೊಳಕ್ಕೂ ಇಳಿಯಿತು. ಅಲ್ಲಿನ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಅವುಗಳಿಗೆ ಬೇಕಾದ ಕಲ್ಲಿದ್ದಲು ತೆಲಂಗಾಣದ ಸಿಂಗರೇಣಿಯಿಂದ, ಮಹಾರಾಷ್ಟ್ರದ ಚಂದ್ರಪುರದ ಸುತ್ತಿನಿಂದ, ಒಡಿಶಾದ ಮಹಾನದಿ ಕಣಿವೆಯಿಂದ ಬಂದಿದೆ. ಅಷ್ಟೇ ಅಲ್ಲ, ಚಂದ್ರಪುರ ಜಿಲ್ಲೆಯ ಬರಾಂಜ್ ಎಂಬಲ್ಲಿ ಕರ್ನಾಟಕ ವಿದ್ಯುತ್ ನಿಗಮಕ್ಕೇ ಹಂಚಿಕೆಯಾದ ಗಣಿ ಇದೆ. ಅಂದರೆ ಕನ್ನಡಿಗರ ಸರ್ಕಾರಿ ಸಂಸ್ಥೆಯೊಂದು ಬೇರೊಂದು ರಾಜ್ಯದ ರೈತರ ಹೊಲದಡಿ ಅಗೆಯುವ ಗಣಿಯ ಒಡೆತನ ಹೊಂದಿದೆ. ಆದ್ದರಿಂದ ಕಲ್ಲಿದ್ದಲು ತೆಗೆದ ಭೂಮಿ ಮುಂದೆ ಏನಾಗುತ್ತದೆ ಎಂಬ ಪ್ರಶ್ನೆ ದೂರದವರ ಪ್ರಶ್ನೆಯಾಗಿ ಉಳಿದಿಲ್ಲ.

ಈ ಪ್ರಶ್ನೆಯನ್ನು ಪರಿಶೀಲಿಸಲು ದೇಶದ ಹಳೆಯ ಕಲ್ಲಿದ್ದಲು ಪ್ರದೇಶಗಳಲ್ಲಿ ಒಂದಾದ ಜಾರ್ಖಂಡಿನ ಝರಿಯಾಕ್ಕೆ ಹೋಗುವುದು ಉಚಿತ. ಝರಿಯಾದ ಕಲ್ಲಿದ್ದಲು ಹೆಸರಾದದ್ದು ಉಕ್ಕಿನ ಕುಲುಮೆಗಳಿಗಾಗಿಯೇ ಹೊರತು ರಾಯಚೂರಿಗಾಗಿ ಅಲ್ಲ. ಆದರೂ ಗಣಿಗಾರಿಕೆಯ ಆರಂಭ, ಏಳಿಗೆ, ಅಳಿವು ಮತ್ತು ಪುನಶ್ಚೇತನದ ಪ್ರಯತ್ನ, ಈ ನಾಲ್ಕೂ ಹಂತಗಳು ಒಂದೇ ನೆಲದ ಮೇಲೆ ಕಾಣಸಿಗುವುದು ಅಲ್ಲಿಯೇ.

ಟಾಂಡ್ ಮತ್ತು ದೋನ್

ದಾಮೋದರ ನದಿಯ ಮೇಲ್ಕಣಿವೆಯ ರೈತರು ತಮ್ಮ ಭೂಮಿಯನ್ನು ಎರಡಾಗಿ ವಿಂಗಡಿಸುತ್ತಾರೆ. ಎತ್ತರದ, ನೀರು ನಿಲ್ಲದ, ಕಲ್ಲುಮಿಶ್ರಿತ ಭೂಮಿ ಟಾಂಡ್. ತಗ್ಗಿನ, ನೀರು ಹಿಡಿಯುವ ಭತ್ತದ ಗದ್ದೆ ದೋನ್. ಮಲೆನಾಡಿನವರಿಗೆ ಮಕ್ಕಿಗದ್ದೆ, ಬೈಲುಗದ್ದೆಗಳ ನಡುವಿನ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಇದೂ ಹೆಚ್ಚುಕಡಿಮೆ ಅದೇ. ಟಾಂಡ್ ಭೂಮಿಯ ಅಂಚಿನಲ್ಲಿ ಸಾಲವೃಕ್ಷದ ಕಾಡು. ಆ ಕಾಡಿನಿಂದ ಸೊಪ್ಪು, ಸೌದೆ, ಊಟದೆಲೆ, ಹಿಪ್ಪೆಯ ಹೂವು, ದನಗಳಿಗೆ ಮೇವು. ಎತ್ತರದ ಕಾಡಿನಿಂದ ಜಿನುಗಿದ ನೀರು ತಗ್ಗಿನ ದೋನ್ ಗದ್ದೆಗೆ ಜೀವ. ಸೊಪ್ಪಿನಬೆಟ್ಟವಿಲ್ಲದೆ ಅಡಿಕೆ ತೋಟವಿಲ್ಲ ಎಂಬುದು ಇಲ್ಲಿ ಎಷ್ಟು ಸತ್ಯವೋ ಕಾಡಿಲ್ಲದೆ ಗದ್ದೆಯಿಲ್ಲ ಎಂಬುದು ಅಲ್ಲಿಯೂ ಅಷ್ಟೇ ಸತ್ಯವಾಗಿತ್ತು.

ಈ ವ್ಯವಸ್ಥೆಯ ಅಡಿಯಲ್ಲಿ ಸುಮಾರು 450 ಚದರ ಕಿಲೋಮೀಟರ್ ವಿಸ್ತಾರದ ಕಲ್ಲಿದ್ದಲು ಮಲಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ರೈಲು ಬಂದಿತು, ಅದರ ಹಿಂದೆಯೇ ಗಣಿಗಳು ತೆರೆದವು. ಖಾಸಗಿ ಒಡೆಯರು ಮೇಲ್ಪದರದ ಸುಲಭದ ಕಲ್ಲಿದ್ದಲನ್ನು ಅವಸರದಲ್ಲಿ ತೆಗೆದರು. ಖಾಲಿಯಾದ ಸುರಂಗಗಳಿಗೆ ಮರಳು ತುಂಬಿಸುವ ಖರ್ಚನ್ನು ಬಹಳಷ್ಟು ಕಡೆ ಉಳಿಸಿಕೊಂಡರು. ಗಾಳಿಯಾಡಿದ ಕಲ್ಲಿದ್ದಲು ತಾನಾಗಿ ಕಾವೇರಿ ಹೊತ್ತಿಕೊಳ್ಳುತ್ತದೆ. 1916ರಲ್ಲಿ ಅಲ್ಲಿ ಮೊದಲ ಬಾರಿಗೆ ಭೂಗತ ಬೆಂಕಿ ದಾಖಲಾಯಿತು. ನೂರು ವರ್ಷ ಕಳೆದರೂ ಝರಿಯಾದ ಬೆಂಕಿ ಪೂರ್ತಿ ಆರಿಲ್ಲ.

ಅನ್ನವೂ ಹೌದು, ಆಪತ್ತೂ ಹೌದು

ಪರಿಸರ ಚಳವಳಿಯವರು ಕಲ್ಲಿದ್ದಲನ್ನು ಹೊಗೆಯಾಗಿ ಮಾತ್ರ ಕಾಣುವುದುಂಟು. ಅಲ್ಲಿನ ಜನರಿಗೆ ಅದು ಅನ್ನವೂ ಆಗಿದೆ. ಇದನ್ನು ಒಪ್ಪಿಕೊಳ್ಳದೆ ಮುಂದಿನ ಮಾತು ಆಡುವುದು ಪ್ರಾಮಾಣಿಕವಾಗದು.

ಆರಂಭದ ದಿನಗಳಲ್ಲಿ ಸಂತಾಲ ಮತ್ತಿತರ ಸಮುದಾಯಗಳ ಗಂಡ ಹೆಂಡಿರು ಜೊತೆಯಾಗಿ ಗಣಿಗೆ ಇಳಿಯುತ್ತಿದ್ದರು. ಗಂಡಸು ಕಡಿದರೆ ಹೆಂಗಸು ಹೊರುತ್ತಿದ್ದಳು. ಅವಳನ್ನು ಕಾಮಿನ್ ಎಂದು ಕರೆಯುತ್ತಿದ್ದರು. 1929ರ ನಿಯಮಗಳು ಮಹಿಳೆಯರನ್ನು ಭೂಗತ ಕೆಲಸದಿಂದ ಹಂತಹಂತವಾಗಿ ಹೊರಗಿಟ್ಟವು. ಉದ್ದೇಶ ಅವರ ಸುರಕ್ಷೆಯೇ ಆಗಿದ್ದಿರಬಹುದು. ಆದರೆ ಕುಟುಂಬದ ಅರ್ಧ ಕೂಲಿ ಹೋಯಿತು, ಪರ್ಯಾಯ ದುಡಿಮೆ ಒದಗಲಿಲ್ಲ. ಮುಂದೆ 1971ರಿಂದ 1973ರವರೆಗೆ ಗಣಿಗಳು ರಾಷ್ಟ್ರೀಕರಣಗೊಂಡಾಗ ಕಾರ್ಮಿಕನಿಗೆ ನಿಗದಿತ ವೇತನ, ವಸತಿ, ಆಸ್ಪತ್ರೆ, ನಿವೃತ್ತಿ ಸೌಲಭ್ಯಗಳು ದೊರೆತವು. ಅದು ಸಣ್ಣ ಸಾಧನೆಯಲ್ಲ. ಆದರೆ ಅಪಾಯ ದೂರವಾಗಲಿಲ್ಲ. 1975ರ ಡಿಸೆಂಬರ್ 27ರಂದು ಚಾಸ್ನಾಲಾ ಗಣಿಗೆ ನೀರು ನುಗ್ಗಿ 375 ಮಂದಿ ಕಾರ್ಮಿಕರು ಜೀವ ತೆತ್ತರು.

ರಾಷ್ಟ್ರೀಕರಣದ ನಂತರ ತೆರೆದ ಗಣಿಗಳು ಹೆಚ್ಚಿದವು. ಭೂಗತ ಗಣಿಗೆ ಬಾಯಿಯಷ್ಟು ಜಾಗ ಸಾಕು, ತೆರೆದ ಗಣಿಗೆ ಊರೇ ಬೇಕು. ಜಮೀನು ಕೊಟ್ಟವರಿಗೆ ಎರಡು ಎಕರೆಗೆ ಒಂದು ಉದ್ಯೋಗ ಎಂಬುದು ಕೋಲ್ ಇಂಡಿಯಾದ ಪುನರ್ವಸತಿ ನೀತಿಯ ಪರಿಚಿತ ಅಳತೆ. ಈ ಅಳತೆಗೋಲಿನಿಂದ ಯಾರು ಹೊರಗುಳಿಯುತ್ತಾರೆಂಬುದನ್ನು ಕೃಷಿಕರು ಕೂಡಲೇ ಊಹಿಸಬಲ್ಲರು. ಅರ್ಧ ಎಕರೆಯವನು, ಗೇಣಿಗೆ ಮಾಡುವವನು, ದಾಖಲೆಯಿಲ್ಲದೆ ಸಾಗುವಳಿ ಮಾಡಿದವನು, ಕಾಡಿನಲ್ಲಿ ದನ ಮೇಯಿಸುವವನು, ಹಿಪ್ಪೆ ಹೂವು ಆಯುವವಳು. ಉದ್ಯೋಗ ಸಿಕ್ಕ ಮನೆಯಲ್ಲಿಯೂ ಅದು ಬಹುತೇಕ ಒಬ್ಬ ಗಂಡುಮಗನಿಗೆ. ಗದ್ದೆಯಾದರೋ ಇಡೀ ಮನೆಗೆ ಕೆಲಸ ಕೊಡುತ್ತಿತ್ತು.

ಹೀಗೆ ಹೊರಗುಳಿದವರು ಇಂದು ಬೆಳಗಿನ ಜಾವ ಗಣಿಯಂಚಿನಲ್ಲಿ ಕಲ್ಲಿದ್ದಲು ಆಯುತ್ತಾರೆ. ಅದನ್ನು ಬೆಂಕಿಯಲ್ಲಿ ಸುಟ್ಟು ಹೊಗೆ ತೆಗೆದು, ಮೂಟೆ ಕಟ್ಟಿ, ಸೈಕಲ್ಲಿಗೆ ಹೇರುತ್ತಾರೆ. ಒಂದು ಸೈಕಲ್ಲಿನ ಮೇಲೆ ಇನ್ನೂರು ಕಿಲೋಗೂ ಮೀರಿದ ಭಾರ. ಅದನ್ನು ತುಳಿಯಲಾಗದು, ತಳ್ಳಬೇಕು. ಘಾಟಿ ರಸ್ತೆಗಳಲ್ಲಿ ಹತ್ತಾರು ಮೈಲಿ. ಕಾನೂನಿನ ಕಣ್ಣಿಗೆ ಇದು ಕಳವು. ಆದರೆ ಅವರ ಅಜ್ಜನ ಹೊಲದ ಕೆಳಗಿನ ಕಲ್ಲಿದ್ದಲೇ ಆ ಮೂಟೆಯಲ್ಲಿರುವುದೂ ಅಸಂಭವವಲ್ಲ. ನಾಳೆ ಗಣಿ ಮುಚ್ಚಿದರೆ ವೇತನದ ಪಟ್ಟಿಯಲ್ಲಿ ಹೆಸರಿರುವವನಿಗೆ ನಿವೃತ್ತಿಯ ಹಣವಾದರೂ ಉಂಟು. ಸೈಕಲ್ ತಳ್ಳುವವನ ಹೆಸರು ಯಾವ ಪಟ್ಟಿಯಲ್ಲಿಯೂ ಇಲ್ಲ.

ಮಗುಚಿದ ಮಣ್ಣು

ಇನ್ನು ಮಣ್ಣಿನ ವಿಚಾರ. ತೆರೆದ ಗಣಿಯಲ್ಲಿ ಕಲ್ಲಿದ್ದಲಿನ ಮೇಲಿರುವ ಮಣ್ಣು, ಜೇಡಿ, ಮರಳುಗಲ್ಲುಗಳನ್ನೆಲ್ಲ ಸಿಡಿಸಿ ಪಕ್ಕದಲ್ಲಿ ಗುಡ್ಡೆ ಹಾಕುತ್ತಾರೆ. ಭೂಮಿ ಅಕ್ಷರಶಃ ಮಗುಚಿಕೊಳ್ಳುತ್ತದೆ. ಲಕ್ಷಾಂತರ ವರ್ಷ ಬೆಳಕು ಕಾಣದ ಕಲ್ಲು ಮೇಲೆ, ಸಾವಿರಾರು ವರ್ಷಗಳಲ್ಲಿ ಹದಗೊಂಡ ಮೇಲ್ಮಣ್ಣು ಕೆಳಗೆ. ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿಡಬೇಕೆಂಬ ನಿಯಮವೇನೋ ಇದೆ. ಆದರೆ ಎತ್ತರದ ರಾಶಿಯಾಗಿ ವರ್ಷಗಟ್ಟಲೆ ಬಿದ್ದ ಮಣ್ಣಿನಲ್ಲಿ ಬೇರಿಗೆ ನೆರವಾಗುವ ಶಿಲೀಂಧ್ರಗಳು ಕುಗ್ಗುತ್ತವೆ, ಬೀಜಗಳು ಸಾಯುತ್ತವೆ, ಎರೆಹುಳು ಉಳಿಯುವುದಿಲ್ಲ. ತೆಗೆದಿಟ್ಟದ್ದು ಮಣ್ಣೇ ಆದರೂ ಮರಳಿ ಹರಡುವ ಹೊತ್ತಿಗೆ ಅದರ ಜೀವ ಬಹುಪಾಲು ಹೋಗಿರುತ್ತದೆ.

ಜೊತೆಗೆ ನೂರಾರು ಟನ್ ತೂಕದ ಡಂಪರುಗಳು ಓಡಾಡಿ ಗುಡ್ಡೆಯ ಮೈ ಗಟ್ಟಿಯಾಗುತ್ತದೆ. ಇದರ ಪರಿಣಾಮವನ್ನು ಅಮೆರಿಕದ ಅಪಲೇಚಿಯನ್ ಬೆಟ್ಟಸೀಮೆ ದುಬಾರಿ ಬೆಲೆ ತೆತ್ತು ಕಲಿಯಿತು. ಅಲ್ಲಿ 1977ರ ಕಾನೂನು ಅಗೆದ ಬೆಟ್ಟವನ್ನು ಮೊದಲಿನ ಆಕಾರಕ್ಕೆ ತರಬೇಕೆಂದು ವಿಧಿಸಿತು. ಕಂಪನಿಗಳು ಇಳಿಜಾರನ್ನು ಯಂತ್ರಗಳಿಂದ ನುಣುಪಾಗಿ ಒತ್ತಿ, ಹುಲ್ಲು ಬಿತ್ತಿ, ಕೆಲಸ ಮುಗಿಸಿದವು. ನೋಡಲು ಹಸಿರು, ಆದರೆ ಗಟ್ಟಿನೆಲದಲ್ಲಿ ಕಾಡಿನ ಮರಗಳ ಬೇರು ಇಳಿಯಲಿಲ್ಲ, ಮಳೆನೀರು ಇಂಗಲಿಲ್ಲ. 2004ರಲ್ಲಿ ವಿಜ್ಞಾನಿಗಳೂ ಸರ್ಕಾರದವರೂ ಸೇರಿ ಹೊಸ ವಿಧಾನವೊಂದನ್ನು ಮುಂದಿಟ್ಟರು. ಮೇಲಿನ ನಾಲ್ಕಡಿಯಷ್ಟನ್ನಾದರೂ ಸಡಿಲವಾಗಿ ಬಿಡಿ, ಒತ್ತಬೇಡಿ, ಸ್ಥಳೀಯ ಮರಗಳನ್ನು ನೆಡಿ ಎಂಬುದು ಅದರ ಸಾರ. ಉತ್ತ ಹೊಲದಲ್ಲಿ ಬೀಜ ಮೊಳೆಯುತ್ತದೆ, ಕಣದಲ್ಲಿ ಮೊಳೆಯುವುದಿಲ್ಲ ಎಂದು ಬಲ್ಲ ರೈತನಿಗೆ ಇದು ಹೊಸ ಪಾಠವೇನಲ್ಲ.

ಹಸಿರಿನ ಲೆಕ್ಕ, ಮಣ್ಣಿನ ಲೆಕ್ಕ

ಭಾರತದ ಕಲ್ಲಿದ್ದಲು ಗುಡ್ಡೆಗಳ ಮೇಲೂ ದಶಕಗಳಿಂದ ಗಿಡ ನೆಡಲಾಗುತ್ತಿದೆ. ಅಲ್ಲಿ ಎದ್ದು ಕಾಣುವ ಗಿಡ ಯಾವುದೆಂದರೆ ಅಕೇಶಿಯಾ ಆರಿಕ್ಯುಲಿಫಾರ್ಮಿಸ್. ಹೌದು, ಮಲೆನಾಡಿನ ಗೋಮಾಳ, ಬೆಟ್ಟಗಳ ಮೇಲೆ ಅರಣ್ಯ ಇಲಾಖೆ ಬೆಳೆಸಿದ ಅದೇ ಅಕೇಶಿಯಾ. ಬಂಜರಿನಲ್ಲೂ ಬೆಳೆಯುತ್ತದೆ, ದನ ಮುಟ್ಟುವುದಿಲ್ಲ, ಮೂರು ವರ್ಷಗಳಲ್ಲಿ ಛಾಯಾಚಿತ್ರಕ್ಕೆ ತಕ್ಕಷ್ಟು ಎತ್ತರವಾಗುತ್ತದೆ. ದನ ಮುಟ್ಟದ ಗಿಡದಿಂದ ದನ ಸಾಕುವವನಿಗೆ ಏನು ಪ್ರಯೋಜನ ಎಂಬ ಪ್ರಶ್ನೆಯನ್ನು ಮಲೆನಾಡು ಬಹಳ ಹಿಂದೆಯೇ ಎತ್ತಿತ್ತು. ಆ ಪ್ರಶ್ನೆ ಧನಬಾದಿನಲ್ಲಿಯೂ ಪ್ರಸ್ತುತ.

ಮಣ್ಣಿನ ಲೆಕ್ಕ ಇದಕ್ಕಿಂತ ನಿಧಾನವಾದದ್ದು. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿದ್ದ ಸಸ್ಯವಿಜ್ಞಾನಿ ಎ. ಡಿ. ಬ್ರ್ಯಾಡ್‌ಶಾ ಹಾಳುಬಿದ್ದ ಗಣಿನೆಲಗಳ ಅಧ್ಯಯನಕ್ಕೆ ಬುನಾದಿ ಹಾಕಿದವರಲ್ಲೊಬ್ಬರು. ಹೊರಗಿನ ನೆರವಿಲ್ಲದೆ ಸಸ್ಯಸಮುದಾಯವೊಂದು ತಾನಾಗಿ ನಿಲ್ಲಬೇಕಾದರೆ ಮಣ್ಣಿನಲ್ಲಿ ಹೆಕ್ಟೇರಿಗೆ ಸುಮಾರು 1,000 ಕಿಲೋ ಸಾರಜನಕದ ದಾಸ್ತಾನು ಬೇಕೆಂಬುದು ಅವರು ಕೊಟ್ಟ ಅಂದಾಜು. ಹೊಸ ಗಣಿಗುಡ್ಡೆಯಲ್ಲಿ ಬಳಕೆಗೆ ದೊರೆಯುವ ಸಾರಜನಕ ಅತ್ಯಲ್ಪ. ದ್ವಿದಳ ಸಸ್ಯಗಳು ಚೆನ್ನಾಗಿ ಬೆಳೆದು ವರ್ಷಕ್ಕೆ ನೂರು ಕಿಲೋದಷ್ಟು ಸೇರಿಸಿದವೆಂದರೂ ಹತ್ತು ವರ್ಷ ಹಿಡಿಯುತ್ತದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಜೆ. ಎಸ್. ಸಿಂಗ್ ಮತ್ತು ಅವರ ಸಂಗಡಿಗರು ಸಿಂಗ್ರೌಲಿ ಪ್ರದೇಶದ ಬೇರೆಬೇರೆ ವಯಸ್ಸಿನ ಗುಡ್ಡೆಗಳನ್ನು ಪಕ್ಕದ ಕಾಡಿನ ಮಣ್ಣಿನೊಡನೆ ಹೋಲಿಸಿದರು. ವಯಸ್ಸಾದಂತೆ ಗುಡ್ಡೆಯ ಮಣ್ಣು ಸುಧಾರಿಸುತ್ತದೆ. ಆದರೆ ಆ ಸುಧಾರಣೆಯ ಕಾಲಮಾನ ದಶಕಗಳದ್ದು ಎಂಬುದನ್ನು ಆ ಕೆಲಸ ತೋರಿಸಿತು.

ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ಮಣ್ಣುಪರೀಕ್ಷೆಯ ವರದಿಯಲ್ಲಿ ಸಾವಯವ ಇಂಗಾಲ ಹೆಚ್ಚಿದ್ದರೆ ಮಣ್ಣು ಫಲವತ್ತಾಗಿದೆ ಎಂದು ರೈತರು ಓದಿಕೊಳ್ಳುತ್ತಾರೆ. ಗಣಿನೆಲದಲ್ಲಿ ಈ ಓದು ಮೋಸಮಾಡುತ್ತದೆ. ಮಣ್ಣಿನಲ್ಲಿ ಬೆರೆತ ಕಲ್ಲಿದ್ದಲಿನ ಪುಡಿಯೂ ಇಂಗಾಲವೇ. ಮಾಮೂಲಿ ಪರೀಕ್ಷೆಗಳು ಅದನ್ನೂ ಅಷ್ಟಿಷ್ಟು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತವೆ. ಯಾವ ಜೀವಾಣುವಿಗೂ ಆಹಾರವಾಗದ ಇಂಗಾಲ ಕಾಗದದ ಮೇಲೆ ಹ್ಯೂಮಸ್ಸಿನ ವೇಷ ಹಾಕುತ್ತದೆ. ನೆಟ್ಟ ಗಿಡಗಳ ಸಂಖ್ಯೆ, ಉಪಗ್ರಹ ಚಿತ್ರದ ಹಸಿರು, ಇಂಗಾಲದ ಶೇಕಡಾವಾರು ಇವು ಮೂರೂ ಸರಿಯಾಗಿದ್ದು ಮಣ್ಣು ಮಾತ್ರ ಸತ್ತಿರುವುದು ಸಾಧ್ಯ.

ಹಾಗೆಂದು ನಿರಾಶರಾಗಬೇಕಿಲ್ಲ. ಧನಬಾದ್ ಜಿಲ್ಲೆಯ ತೇತುಲ್ಮಾರಿಯಲ್ಲಿ ದೆಹಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸಿ. ಆರ್. ಬಾಬು ಅವರ ಮಾರ್ಗದರ್ಶನದಲ್ಲಿ 2011ರ ಸುಮಾರಿಗೆ ಬೇರೆ ರೀತಿಯ ಕೆಲಸ ಆರಂಭವಾಯಿತು. ಮರಗಳಿಂದಲ್ಲದೆ ಹುಲ್ಲಿನಿಂದ ಅದು ಶುರುವಾಯಿತು. ಸ್ಥಳೀಯ ಹುಲ್ಲು, ದ್ವಿದಳ ಸಸ್ಯಗಳು ಮೊದಲು ಗುಡ್ಡೆಯ ಮೈಯನ್ನು ಹಿಡಿದವು. ಅವುಗಳೊಡನೆ ಪೊದೆ, ಬಿದಿರು, ಹಿಪ್ಪೆಯಂತಹ ಆ ಸೀಮೆಯದೇ ಮರಗಳು ಬಂದವು. ನೆಲಮಟ್ಟದ ಹುಲ್ಲು, ನಡುವಿನ ಪೊದೆ, ಮೇಲಿನ ಮರ ಎಂಬ ಮೂರು ಅಂತಸ್ತುಗಳ ಕಾಡನ್ನು ಕಟ್ಟುವ ಪ್ರಯತ್ನವದು. ಹಕ್ಕಿ, ಚಿಟ್ಟೆಗಳು ಕರೆಯದೆ ಬಂದವು. ಗಣಿಗುಡ್ಡೆ ಮರಳಿ ಕಾಡಿನ ದಾರಿ ಹಿಡಿಯಬಲ್ಲದು ಎಂಬುದಕ್ಕೆ ಅದು ಸಾಕ್ಷಿ.

ದಾರಿ ತಪ್ಪುವುದು ಎಲ್ಲಿ?

ವಿಜ್ಞಾನ ಇಲ್ಲಿಯವರೆಗೆ ಕೈಹಿಡಿದು ತರುತ್ತದೆ. ಮುಂದಿನ ಪ್ರಶ್ನೆ ವಿಜ್ಞಾನದ್ದಲ್ಲ. ಹತ್ತಿಪ್ಪತ್ತು ವರ್ಷ ಕಾದು ಮಣ್ಣು ಚೇತರಿಸಿಕೊಂಡಿತೆಂದೇ ಇಟ್ಟುಕೊಳ್ಳೋಣ. ಅದು ಯಾರದು?

ಕಲ್ಲಿದ್ದಲು ಭೂಮಿಯನ್ನು ಹೆಚ್ಚಾಗಿ 1957ರ ಕಲ್ಲಿದ್ದಲು ಪ್ರದೇಶಗಳ ಸ್ವಾಧೀನ ಮತ್ತು ಅಭಿವೃದ್ಧಿ ಕಾಯಿದೆಯಡಿ ವಶಪಡಿಸಿಕೊಳ್ಳಲಾಗುತ್ತದೆ. ಆ ಕಾಯಿದೆಯಂತೆ ಭೂಮಿ ಸರ್ಕಾರಕ್ಕೆ, ಅಲ್ಲಿಂದ ಸರ್ಕಾರಿ ಕಂಪನಿಗೆ, ಯಾವ ಋಣಭಾರವೂ ಇಲ್ಲದಂತೆ ಸೇರಿಹೋಗುತ್ತದೆ. ಕಲ್ಲಿದ್ದಲು ಮುಗಿದ ಮೇಲೆ ಮೂಲ ರೈತನಿಗೆ ಅದನ್ನು ಮರಳಿಸುವ ವಿಧಿ ಅದರಲ್ಲಿಲ್ಲ. 2022ರ ಏಪ್ರಿಲಿನಲ್ಲಿ ಕೇಂದ್ರ ಸಚಿವ ಸಂಪುಟ ಇಂತಹ ಭೂಮಿಯ ಬಳಕೆಗೆ ನೀತಿಯೊಂದನ್ನು ಒಪ್ಪಿತು. ಗಣಿ ಮುಗಿದ ಭೂಮಿಯನ್ನು ಸೌರವಿದ್ಯುತ್ತು, ಕಲ್ಲಿದ್ದಲು ತೊಳೆಯುವ ಘಟಕ, ಪುನರ್ವಸತಿ, ಆಸ್ಪತ್ರೆ ಮುಂತಾದವಕ್ಕೆ ಗುತ್ತಿಗೆ ಕೊಡಬಹುದು. ಒಡೆತನ ಕಂಪನಿಯಲ್ಲೇ ಉಳಿಯಬೇಕು. ಉಪಯೋಗಗಳ ಪಟ್ಟಿ ಉದ್ದವಾಗಿದೆ. ಹಿಂದೆ ಅಲ್ಲಿ ಭತ್ತ ಬೆಳೆಯುತ್ತಿದ್ದವನಿಗೆ ಗದ್ದೆಯಾಗಿ ಮರಳಿಸುವುದು ಆ ನೀತಿಯ ಗುರಿಯಲ್ಲ.

ಹಣದ ವ್ಯವಸ್ಥೆಯೂ ಒಂದಿದೆ. 2009ರಲ್ಲಿ ಕಲ್ಲಿದ್ದಲು ಸಚಿವಾಲಯ ಗಣಿ ಮುಚ್ಚುವ ಮಾರ್ಗಸೂಚಿ ತಂದು, ತೆರೆದ ಗಣಿಗೆ ಹೆಕ್ಟೇರಿಗೆ 6 ಲಕ್ಷ ರೂಪಾಯಿ, ಭೂಗತ ಗಣಿಗೆ 1 ಲಕ್ಷ ರೂಪಾಯಿಯಂತೆ ಎಸ್ಕ್ರೋ ಖಾತೆಯಲ್ಲಿ, ಅಂದರೆ ಕಂಪನಿ ತನ್ನಿಷ್ಟದಂತೆ ಮುಟ್ಟಲಾಗದ ಠೇವಣಿಯಲ್ಲಿ, ಇಡಬೇಕೆಂದು ಗೊತ್ತುಪಡಿಸಿತು. ಮುಂದೆ ಈ ಮಾರ್ಗಸೂಚಿ ಪರಿಷ್ಕೃತವಾಗಿದೆ. 2020ರ ಜನವರಿ 8ರಂದು ಸರ್ವೋಚ್ಚ ನ್ಯಾಯಾಲಯ ಮತ್ತೂ ಒಂದು ಹೆಜ್ಜೆ ಮುಂದಿಟ್ಟಿತು. ಗಣಿ ಮುಗಿಸಿದವರು ಆ ನೆಲದಲ್ಲಿ ಮರಳಿ ಹುಲ್ಲು ಬೆಳೆಸಿ, ಮೇವಿಗೂ ಸಸ್ಯಪ್ರಾಣಿಗಳಿಗೂ ಯೋಗ್ಯವಾಗುವಂತೆ ಮಾಡಬೇಕೆಂಬ ಷರತ್ತನ್ನು ಗಣಿ ಗುತ್ತಿಗೆಗಳಿಗೆ ಸೇರಿಸುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶನ ನೀಡಿತು. ಮೇವು ಎಂಬ ಮಾತು ಗಣಿಯ ಕಡತದೊಳಗೆ ಬಂದದ್ದೇ ದೊಡ್ಡ ಸಂಗತಿ. ಆದರೆ ಮೇವು ಬೆಳೆದ ಮೇಲೆ ದನ ಒಳಗೆ ಹೋಗಬಹುದೇ, ಬೇಲಿ ಯಾರದು ಎಂಬುದನ್ನು ಕೇಳುವವರು ಬೇಕು.

ಬೆಂಕಿಯ ಮೇಲೆ ಬದುಕುತ್ತಿರುವವರ ಪಾಡೂ ಇದೇ. 2009ರ ಆಗಸ್ಟಿನಲ್ಲಿ ಝರಿಯಾ ಮತ್ತು ರಾಣಿಗಂಜ್ ಪ್ರದೇಶಗಳಿಗೆ 7,112 ಕೋಟಿ ರೂಪಾಯಿಯ ಮಾಸ್ಟರ್ ಪ್ಲಾನ್ ಒಪ್ಪಿಗೆ ಪಡೆಯಿತು. ಅದರ ಅವಧಿ ಮುಗಿದು, 2025ರ ಜೂನ್‌ನಲ್ಲಿ ಝರಿಯಾಕ್ಕೆ 5,940 ಕೋಟಿಯ ಪರಿಷ್ಕೃತ ಯೋಜನೆ ಬಂದಿತು. ಬೆಲ್ಗಡಿಯಾ ಎಂಬಲ್ಲಿ ಮನೆಗಳು ಎದ್ದಿವೆ. ಆದರೂ ಹಲವರು ಬಿರುಕುಬಿಟ್ಟ ನೆಲದ ಮೇಲಿನ ಹಳೆಯ ಮನೆ ಬಿಡಲೊಲ್ಲರು. ಹೊರಗಿನವರಿಗೆ ಇದು ಹಟವೆನಿಸಬಹುದು. ಆದರೆ ದುಡಿಮೆ ಇರುವುದು ಹಳೆಯ ಜಾಗದಲ್ಲಿ. ಸೂರು ಕೊಟ್ಟು ದುಡಿಮೆಯನ್ನು ಮರೆತರೆ ಜನ ಬೆಂಕಿಯನ್ನೇ ಆರಿಸಿಕೊಳ್ಳುತ್ತಾರೆ ಎಂಬುದು ಅಲ್ಲಿನ ಕಠೋರ ಪಾಠ.

ಮಲೆನಾಡಿಗೆ ಒಂದು ಮಾತು

ಕುದುರೆಮುಖವನ್ನು ಇಲ್ಲಿ ನೆನೆಯದಿರಲಾಗದು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪಿನಂತೆ 2005ರ ಕೊನೆಯ ದಿನ ಅಲ್ಲಿನ ಕಬ್ಬಿಣದ ಗಣಿ ನಿಂತಿತು. ಭದ್ರೆ, ತುಂಗೆಯರ ಮೂಲ ಉಳಿಯಿತೆಂದು ಪರಿಸರಪ್ರೇಮಿಗಳು ಸಂತೋಷಪಟ್ಟದ್ದು ನ್ಯಾಯವೇ. ಆದರೆ ಊರು ಖಾಲಿಯಾಯಿತು. ಅಂಗಡಿ, ಶಾಲೆ, ಕೂಲಿಗಳನ್ನು ನೆಚ್ಚಿದ್ದವರು ಚದುರಿದರು. ಲಕ್ಯಾ ಅಣೆಕಟ್ಟೆಯ ಹಿಂದೆ ಅದಿರಿನ ಹೂಳು ಇಂದಿಗೂ ನಿಂತಿದೆ. ಗಣಿ ನಿಲ್ಲಿಸುವುದು ಹೋರಾಟದ ಅರ್ಧಭಾಗ. ನಿಂತ ನಂತರದ ನೆಲ ಮತ್ತು ಜನರ ಹೊಣೆ ಇನ್ನರ್ಧ. ಆ ಇನ್ನರ್ಧಕ್ಕೆ ಚಳವಳಿಗಳು ಸಿದ್ಧವಾಗಿರಲಿಲ್ಲ.

ಹಾಗಾದರೆ ಏನು ಮಾಡಬೇಕು? ಗಣಿ ಮುಚ್ಚುವ ಯೋಜನೆಯನ್ನು ಗಣಿ ತೆರೆಯುವ ದಿನವೇ ಗ್ರಾಮಸಭೆಯ ಮುಂದೆ, ಊರಿನವರ ಭಾಷೆಯಲ್ಲಿ ಇಡಬೇಕು. ಮೇಲ್ಮಣ್ಣನ್ನು ರಾಶಿ ಹಾಕಿ ಕಾಯಿಸದೆ ಅಗೆದು ಮುಗಿದ ಭಾಗಕ್ಕೆ ಕೂಡಲೇ ಹರಡಬೇಕು. ಯಾವ ಹುಲ್ಲು, ಯಾವ ಮರ ಎಂಬುದನ್ನು ಅಲ್ಲಿ ದನ ಮೇಯಿಸಿದವರು, ಸೊಪ್ಪು ತಂದವರು ಹೇಳಬೇಕು. ನೆಡುವ, ಕಾಯುವ, ನೀರುಣಿಸುವ ಕೆಲಸದ ಕೂಲಿ ಮೊದಲು ವೇತನದ ಪಟ್ಟಿಯಲ್ಲಿಲ್ಲದವರಿಗೆ, ಕಲ್ಲಿದ್ದಲು ಆಯುವ ಹೆಂಗಸಿಗೆ, ಸೈಕಲ್ ತಳ್ಳುವ ಗಂಡಸಿಗೆ ಸಲ್ಲಬೇಕು. ಮಣ್ಣು ಚೇತರಿಸಿಕೊಂಡ ನಂತರ ಅದು ಮೂಲ ಕುಟುಂಬಗಳಿಗೆ, ಅವರಿಲ್ಲದಿದ್ದರೆ ಗ್ರಾಮಸಭೆಗೆ ಮರಳುವಂತೆ 1957ರ ಕಾಯಿದೆಗೆ ತಿದ್ದುಪಡಿ ಬರಬೇಕು. ಇವುಗಳಲ್ಲಿ ಕಡೆಯದು ಎಲ್ಲಕ್ಕಿಂತ ಕಷ್ಟದ್ದು. ಅದಿಲ್ಲದೆ ಉಳಿದವೆಲ್ಲ ತೋಟಗಾರಿಕೆಯಾದೀತು, ನ್ಯಾಯವಾಗದು.

ಈ ಸಭೆ ಆರಂಭಿಸಬಹುದಾದ ಕೆಲಸವೊಂದು ಹತ್ತಿರದಲ್ಲೇ ಇದೆ. ಬರಾಂಜ್ ಗಣಿ ಕರ್ನಾಟಕದ ಸಾರ್ವಜನಿಕ ಸಂಸ್ಥೆಯದು. ಅಲ್ಲಿ ತೆಗೆದ ಮೇಲ್ಮಣ್ಣು ಎಲ್ಲಿದೆ, ಎಸ್ಕ್ರೋ ಖಾತೆಯಲ್ಲಿ ಎಷ್ಟಿದೆ, ನೆಡುತ್ತಿರುವ ಗಿಡ ಯಾವುದು, ಗಣಿ ಮುಗಿದ ನಂತರ ಆ ಹೊಲಗಳು ಯಾರ ಹೆಸರಿಗೆ ಹೋಗಲಿವೆ ಎಂದು ಕೇಳಲು ಮಾಹಿತಿ ಹಕ್ಕಿನ ಒಂದು ಅರ್ಜಿ ಸಾಕು. ಅರ್ಜಿ ಬೆಂಗಳೂರಿಗೆ ಹೋಗಬೇಕಾದದ್ದು, ಕನ್ನಡದಲ್ಲೇ ಬರೆಯಬಹುದಾದದ್ದು. ಶರಾವತಿಯಲ್ಲಿ ಮುಳುಗಿದವರಿಗೆ ಉತ್ತರ ಸಿಗದೆ ಎಷ್ಟು ದಶಕ ಕಳೆದವು ಎಂಬುದನ್ನು ಬಲ್ಲ ಜನ, ಚಂದ್ರಪುರದ ರೈತನ ಪರವಾಗಿ ಈ ಪ್ರಶ್ನೆಯನ್ನು ಸಮಯವಿರುವಾಗಲೇ ಕೇಳಿದರೆ ಅದಕ್ಕೆ ಬೇರೆಯೇ ತೂಕವಿರುತ್ತದೆ.